ನರ್ಸಿಂಗ್ ಹೋಮ್ ಬಿಟ್ರೆ ಮುಂದೇನು? ಆಯಾ, ವಾರ್ಡ್‌ಬಾಯ್, ಜಿಡಿಎ (ಜನರಲ್ ಡ್ಯೂಟಿ ಅಸಿಸ್ಟೆಂಟ್, ಪೇಷಂಟ್ ಆರೈಕೆಯ ಸಹಾಯಕರು) ಕೆಲಸದವ್ರ ಪ್ರಶ್ನೆಗೆ ಸಿಸ್ಟರ್ ಉತ್ತರ

ಪ್ರಶ್ನೆ (ಡೊಂಬಿವಲಿ): ಅಕ್ಕಾರ ನಮಸ್ಕಾರ್ರಿ. ನಾನು ಇಂಡಿ ಕಡೆಯಾಕಿ. ಒಂದು 20 ಬೆಡ್ಡಿನ ನರ್ಸಿಂಗ್ ಹೋಮಿನ್ಯಾಗ ಕೆಲಸ ಮಾಡಾಕತ್ತು 6 ವರ್ಷ ಆತ್ರಿ, ಹತ್ತನೇ ಪಾಸು, ಜಿಡಿಎ ಕೋರ್ಸೂ ಆಗೇತಿ, ಆದ್ರೂ ಎಲ್ಲಾರೂ ಮಾವಶಿ (ಇಲ್ಲಿ ಆಯಾಗಳನ್ನ ಹಂಗ ಕರೀತಾರ) ಅಂತಾನ ಕರೀತಾರ. ಪೇಷಂಟ್ ಎತ್ತಿ ಎತ್ತಿ ನಡ ಹಿಡದೈತಿ, ನೈಟ್ ಮುಗಿಸಿ ಮನಿಗೆ ಬರೂದ್ರಾಗ ಮಗಳು ಸಾಲಿಗೆ ಹೋಗಿರ್ತಾಳ. ನನಗ ಈಗ 31. ಬ್ಯಾರೆ ಎಲ್ಲೆರ ಈ ಅನುಭವಕ್ಕ ಕೆಲಸ ಸಿಗತೈತೇನ್ರಿ, ಇಲ್ಲಾ ಇದನ್ನ ಬಿಟ್ಟು ಸೀರಿ ಅಂಗಡ್ಯಾಗ ಸೇಲ್ಸಿಗೆ ನಿಲ್ಲಲೇನ್ರಿ?

ಉತ್ತರ: ತಂಗಿ, ಸೀರೆ ಅಂಗಡಿಗೆ ಅವಸರ ಮಾಡ್ಬೇಡ. ನಾನು ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ 31 ವರ್ಷ ಸಿಸ್ಟರ್ ಆಗಿದ್ದು, ಓಟಿ (ಆಪರೇಷನ್ ಥಿಯೇಟರ್) ಇನ್‌ಚಾರ್ಜ್ ಆಗಿ ರಿಟೈರ್ ಆದವಳು. ನಿನ್ನ ಮಾತು ನೋಡಿದ್ರೆ ನಿಂಗೆ ಸಾಕಾದದ್ದು ಪೇಷಂಟ್ ಎತ್ತುವುದು ಮತ್ತೆ ನೈಟ್, ಇವೆರಡು ಕಮ್ಮಿ ಇರುವ ಜಾಗ ದೊಡ್ಡ ಆಸ್ಪತ್ರೆ ಒಳಗೇ ಉಂಟು.

ನಾನು ಮೊದ್ಲು ಹೇಳುದು ಸಿಎಸ್‌ಎಸ್‌ಡಿ. ಆಪರೇಷನ್ ಆದ ಕತ್ತರಿ, ಫೋರ್ಸೆಪ್ಸ್ ಎಲ್ಲ ತೊಳೆದು, ಎಣಿಸಿ, ಪ್ಯಾಕ್ ಮಾಡಿ ಆಟೋಕ್ಲೇವ್ ಅನ್ನುವ ಹಬೆ ಮಿಷನ್‌ಗೆ ಹಾಕಿ ಸ್ಟರೈಲ್ (ರೋಗಾಣು ಇಲ್ಲದ ಹಾಗೆ) ಮಾಡುವ ಡಿಪಾರ್ಟ್‌ಮೆಂಟ್. ನಿಮ್ಮಲ್ಲಿ ಅದು ಓಟಿ ಮೂಲೆಯಲ್ಲಿ ಒಂದು ಮಿಷನ್, ಸಾಮಾನು ತುಂಬಿ ಅದ್ರೊಳಗೆ ಇಡುವ ಎರಡು ಡ್ರಮ್ ಅಷ್ಟೇ ಇರ್ಬಹುದು, ದೊಡ್ಡ ಕಡೆ ಅದಕ್ಕೇ ಬೇರೆ ಸ್ಟಾಫ್. ಕೆಲಸ ಸಣ್ಣದು ಅಂತ ಎಣಿಸ್ಬೇಡ. ಪ್ಯಾಕ್ ಮೇಲಿನ ಟೇಪಿನ ಗೆರೆ ಕಪ್ಪಾದ್ರೆ ಆ ಪ್ಯಾಕ್ ಮಿಷನ್ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಅರ್ಥ, ಹಬೆ ಒಳಗಿನ ತನಕ ಮುಟ್ಟಿದೆಯಾ ಅಂತ ತಿಳೀಲಿಕ್ಕೆ ಒಳಗೆ ಬೇರೆ ಇಂಡಿಕೇಟರ್ ಸ್ಟ್ರಿಪ್ ಇಡ್ಬೇಕು, ಹೊರಗೆ ಬಂದಾಗ ಪ್ಯಾಕ್ ಒದ್ದೆ ಇದ್ರೆ ಅದು ಸ್ಟರೈಲ್ ಅಲ್ಲ. ನನ್ನ ಹತ್ರ ವಾರ್ಡ್ ಆಯಾ ಆಗಿದ್ದ ಒಬ್ಳು ಹುಡುಗಿ ಅಲ್ಲಿಗೆ ಬಂದು ಆರೇ ತಿಂಗಳಲ್ಲಿ, ಟೇಪ್ ಕಪ್ಪಾಗಿದ್ರೂ ಕೈಗೆ ತೇವ ಹತ್ತಿತು ಅಂತ ಇಡೀ ಲೋಡ್ ವಾಪಸ್ ಹಾಕ್ಸಿದ್ಲು, ಹೊರಗೆ ಸರ್ಜನ್ ಕೂಗ್ತಾ ಇದ್ರು, ಅವ್ಳು ಜಗ್ಗಲಿಲ್ಲ. ಅವತ್ತು ಅವಳ ಬಗ್ಗೆ ನಂಗಾದ ಅಭಿಮಾನ ಈಗ್ಲೂ ಉಂಟು. ಟ್ರೇ ಭಾರ ಇರ್ತದೆ, ಆದ್ರೆ ಟ್ರಾಲಿ ಇರ್ತದೆ. ಶಿಫ್ಟ್ ಒಂದೊಂದು ಕಡೆ ಒಂದೊಂದು ರೀತಿ, ಅದನ್ನು ಸೇರುವ ಮೊದ್ಲೇ ಕೇಳು.

ಇನ್ನೊಂದು ಬ್ಲಡ್ ಕಲೆಕ್ಷನ್. ಫಾಸ್ಟಿಂಗ್ ಸ್ಯಾಂಪಲ್ ಇರುವುದ್ರಿಂದ ಬೆಳಿಗ್ಗೆ ಬೇಗ ಶುರು. ನರ ಕಣ್ಣಿಗೆ ಕಾಣ್ಬೇಕಂತ ಇಲ್ಲ, ಬೆರಳಿಗೆ ಸಿಕ್ಕಿದ್ರೆ ಸಾಕು, ಮುದುಕರ ಕೈ ಹಿಡಿದು ಅಭ್ಯಾಸ ಇರುವ ನಿಂಗೆ ಅದು ಬೇಗ ಬರ್ತದೆ. ಆದ್ರೆ ಹೆಚ್ಚಿನ ಲ್ಯಾಬಿನವ್ರು ಹನ್ನೆರಡನೇ ಸೈನ್ಸೋ ಡಿಎಂಎಲ್‌ಟಿಯೋ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಕೇಳ್ತಾರೆ. ಡಯಾಲಿಸಿಸ್ ಟೆಕ್ನಿಷಿಯನ್ ಡಿಪ್ಲೊಮಾಕ್ಕೂ ಅದೇ ಕಥೆ. ಅಸಿಸ್ಟೆಂಟ್ ಆಗಿ ಡಯಾಲಿಸಿಸ್ ಯೂನಿಟ್‌ಗೆ ಹೋಗ್ಬಹುದು, ಒಬ್ಬೊಬ್ಬ ಪೇಷಂಟಿಗೆ ಸುಮಾರು 4 ಗಂಟೆ, ವಾರಕ್ಕೆ 2-3 ಸಲ, ಅದೇ ಮುಖಗಳು, ಬಂದಾಗ ಒಮ್ಮೆ ಹೋಗುವಾಗ ಒಮ್ಮೆ ತೂಕ ತೆಗೆದು ಬರೀಬೇಕು.

ಇಲ್ಲಿ ನಿಂಗೆ ಸ್ವಲ್ಪ ಗಟ್ಟಿಯಾಗಿ ಹೇಳ್ತೇನೆ. ಎಲ್ಲ ಬಾಗಿಲಿಗೂ ಅಡ್ಡ ನಿಂತದ್ದು ಆ ಹನ್ನೆರಡನೇ. ಎನ್‌ಐಒಎಸ್ ಅನ್ನುವ ಸರ್ಕಾರದ ಓಪನ್ ಸ್ಕೂಲ್‌ನಲ್ಲಿ, ಕೆಲಸ ಮಾಡ್ಕೊಂಡೇ ಪರೀಕ್ಷೆ ಕಟ್ಟು. ಎಎನ್‌ಎಂ 2 ವರ್ಷದ ನರ್ಸಿಂಗ್ ಕೋರ್ಸ್, ಎನ್‌ಐಒಎಸ್‌ನಲ್ಲಿ ಆರ್ಟ್ಸ್ ಪಾಸ್ ಆದವ್ರಿಗೂ ಸೇರ್ಲಿಕ್ಕೆ ಆಗ್ತದೆ, ಆದ್ರೆ ವಯಸ್ಸು 35 ದಾಟಬಾರ್ದು. ನಿಂಗೆ 31, ಇನ್ನೂ ಟೈಮ್ ಉಂಟು, ಆದ್ರೆ ಮಗಳ ಹತ್ತನೇ ಮುಗೀಲಿ ಅಂತ ಕೂತ್ರೆ ಇಲ್ಲ. ಅದು ರೆಗ್ಯುಲರ್ ಕೋರ್ಸ್, ಆ 2 ವರ್ಷ ಈ ಡ್ಯೂಟಿ ಮಾಡ್ಲಿಕ್ಕಾಗುದಿಲ್ಲ, ಮನೇಲಿ ಕೂತು ದುಡ್ಡಿನ ಲೆಕ್ಕ ಹಾಕಿ ನೋಡು.

ಪ್ರಶ್ನೆ (ಠಾಣೆ): ಅಕ್ಕ, ಬ್ಯೂರೋದವ್ರು (ಮನೆಗಳಿಗೆ ಕೆಲಸದವ್ರನ್ನು ಕಳಿಸುವ ಏಜೆನ್ಸಿ) ಮನೆಗೆ ಹೋಗಿ ಒಬ್ಬರೇ ಪೇಷಂಟ್ ನೋಡುವ ಕೆಲಸ ಕೊಡ್ತೇವೆ ಅಂತಾರೆ, 12 ಗಂಟೆ ಡ್ಯೂಟಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಫೀಸಲ್ಲಿ ಇಡ್ಬೇಕಂತೆ. ಕೊಡ್ಲಾ?

ಉತ್ತರ: ಕೊಡ್ಲೇಬೇಡ. ಝೆರಾಕ್ಸ್ ಕೊಡು, ಒರಿಜಿನಲ್ ತೋರಿಸಿ ಕೈಯಲ್ಲೇ ವಾಪಸ್ ತಗೊಂಡು ಬಾ. ನನ್ನ ಪರಿಚಯದ ಹುಡುಗಿಯ ಸರ್ಟಿಫಿಕೇಟನ್ನು ಒಂದು ಬ್ಯೂರೋ ಎಂಟು ತಿಂಗಳು ಹಿಡಿದಿಟ್ಟುಕೊಂಡಿತ್ತು, ಬೇರೆ ಕಡೆ ಕೆಲಸ ಸಿಕ್ಕಿದ್ರೂ ಅವ್ಳಿಗೆ ಹೋಗ್ಲಿಕ್ಕಾಗ್ಲಿಲ್ಲ. ಪೇಷಂಟ್ ಕಡೆಯವ್ರು ಎಷ್ಟು ಕೊಡ್ತಾರೆ, ಬ್ಯೂರೋ ಎಷ್ಟು ಇಟ್ಕೊಳ್ತದೆ, ಊಟ ಯಾರದ್ದು, ರಜೆ ಎಷ್ಟು, ಇಷ್ಟೂ ಬರೆದು ಕೊಡ್ಲಿ, ಸಂಬಳ ಬ್ಯಾಂಕಿಗೆ ಬರ್ಲಿ.

ಮತ್ತೊಂದು ಮಾತು. ಕೆಲವು ಮನೆಗಳಲ್ಲಿ ನಿನ್ನನ್ನು ನರ್ಸ್ ಅಂತ ಹೇಳಿ ಕಳಿಸಿರ್ತಾರೆ, ಆಮೇಲೆ "ಇಂಜೆಕ್ಷನ್ ನೀವೇ ಕೊಟ್ಬಿಡಿ ಸಿಸ್ಟರ್" ಅಂತಾರೆ. ನೀನು ಜಿಡಿಎ, ಐವಿ (ಡ್ರಿಪ್) ಹಾಕುವುದು, ಇಂಜೆಕ್ಷನ್ ಕೊಡುವುದು ನಿನ್ನ ಕೆಲಸ ಅಲ್ಲ ಅಂತ ಮೊದಲ ದಿನವೇ ಹೇಳು. ಮಲಗಿದಲ್ಲೇ ಇರುವವ್ರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸು, ಸೊಂಟದ ಕೆಳಗೆ, ಹಿಮ್ಮಡಿ ಹತ್ರ ಚರ್ಮ ಕೆಂಪಾಗಿದೆಯಾ ನೋಡು, ಬೆರಳು ಒತ್ತಿ ಬಿಟ್ರೂ ಕೆಂಪು ಹೋಗದಿದ್ರೆ ಬೆಡ್‌ಸೋರ್ ಶುರು ಅಂತ ಅರ್ಥ, ತಕ್ಷಣ ಮನೆಯವ್ರಿಗೆ ಹೇಳು.

ನಿಂಗೆ ಈ ತರದ ಆರೈಕೆ ಮನಸ್ಸಿಗೆ ಹತ್ತಿರ ಅನ್ಸಿದ್ರೆ ಹಾಸ್ಪಿಸ್, ಅಂದ್ರೆ ಗುಣ ಆಗದ ಪೇಷಂಟುಗಳ ಕೊನೆ ದಿನಗಳ ಆರೈಕೆಯ ಜಾಗ, ಆ ಕಡೆ ಕೇಳಿ ನೋಡು. ಬಾಂದ್ರಾದ ಶಾಂತಿ ಆವೇದನಾ ಸದನ 1986ರಿಂದ ಉಂಟು, ಕ್ಯಾನ್ಸರ್ ಕೊನೆ ಹಂತದವ್ರನ್ನು ನೋಡ್ತಾರೆ. ಅಲ್ಲಿ ಸಾವು ದಿನಾ ಎದುರಿಗೆ ಬರ್ತದೆ, ಎಲ್ಲರಿಂದ ಆಗುದಿಲ್ಲ, ಒಮ್ಮೆ ಹೋಗಿ ನೋಡಿ ಬಂದ್ಮೇಲೆ ನಿರ್ಧಾರ ಮಾಡು.

ಪ್ರಶ್ನೆ (ಪಿಂಪ್ರಿ, ಪುಣೆ): ಮೇಡಂ, ನಾನು ವಾರ್ಡ್‌ಬಾಯ್, ಹನ್ನೆರಡನೇ ಆಗಿದೆ. ಗಂಡಸ್ರಿಗೆ ಏನಿದೆ?

ಉತ್ತರ: ತಮ್ಮಾ, ನಿಮ್ಮ ಚಾಕಣ್, ಭೋಸರಿ ಫ್ಯಾಕ್ಟರಿಗಳೇ ಇವೆಯಲ್ಲ. 500ಕ್ಕಿಂತ ಹೆಚ್ಚು ಜನ ಇರುವ ಫ್ಯಾಕ್ಟರಿಯಲ್ಲಿ ಆಂಬುಲೆನ್ಸ್ ರೂಮ್ ಇರ್ಬೇಕು ಅನ್ನುವುದು 1948ರ ಕಾಯ್ದೆಯ ಕಾಲದಿಂದ ಬಂದ ನಿಯಮ. ಅದಕ್ಕೆ ಈಗ ಓಎಚ್‌ಸಿ (ಆಕ್ಯುಪೇಷನಲ್ ಹೆಲ್ತ್ ಸೆಂಟರ್) ಅಂತಾರೆ. ಅಲ್ಲಿ ಡಾಕ್ಟರ್, ನರ್ಸ್ ಜೊತೆ ಅಟೆಂಡೆಂಟ್ ಬೇಕಾಗ್ತಾರೆ, ಸೇಂಟ್ ಜಾನ್ ಆಂಬುಲೆನ್ಸ್‌ನ ಫಸ್ಟ್ ಏಡ್ ಸರ್ಟಿಫಿಕೇಟ್ ಮಾಡ್ಕೊಂಡು ಹೋಗು. ಓಡಾಟ ಇಷ್ಟ ಅಂದ್ರೆ ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ಕೋರ್ಸ್ ಮಾಡಿ ಆಂಬುಲೆನ್ಸ್ ಕಡೆ ಹೋಗು. ಎಲ್ಲಿಗೆ ಹೋದ್ರೂ ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಮುಗಿಸು, 0, 1, 6 ತಿಂಗಳು. ಅರ್ಧಕ್ಕೆ ಬಿಟ್ಟವ್ರನ್ನು ನೋಡಿ ನೋಡಿ ಸಾಕಾಗಿದೆ ನಂಗೆ.

ಪ್ರಶ್ನೆ (ಮಡಗಾಂವ್, ಗೋವಾ): ಗಲ್ಫಿಗೆ ಕೇರ್‌ಗಿವರ್ ವೀಸಾ, ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದ್ದಾನೆ. ಹೋಗ್ಬಹುದಾ?

ಉತ್ತರ: ಈ ಏಜೆಂಟ್ ಬೇಡ. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆದ ಏಜೆಂಟ್ ತಗೊಳ್ಬಹುದಾದ ಸರ್ವಿಸ್ ಚಾರ್ಜ್ 30,000 ರೂಪಾಯಿ ಮತ್ತೆ ಜಿಎಸ್‌ಟಿ, ಅಷ್ಟೇ. ವೀಸಾದಲ್ಲಿ ಕೆಲಸದ ಹೆಸರು ಏನಿದೆ ಅಂತ ಓದಿಸಿ ನೋಡಿ, ಬಾಯಲ್ಲಿ ಕೇರ್‌ಗಿವರ್ ಅಂದು ಕಾಗದದಲ್ಲಿ ಮನೆಗೆಲಸ ಅಂತ ಇದ್ರೆ ಹೊರಡ್ಲೇಬೇಡಿ.

ಡೊಂಬಿವಲಿ: ಅಕ್ಕಾರ, ಎನ್‌ಐಒಎಸ್ ಫಾರ್ಮ್ ತುಂಬತೀನ್ರಿ. ಮೊದಲ ಸಿಎಸ್‌ಎಸ್‌ಡಿ ಕೇಳಿ ನೋಡ್ತೀನಿ. ನಮ್ಮ ಡಾಕ್ಟರ್ ಅನುಭವದ ಲೆಟರ್ ಕೊಡಾಕ ಒಪ್ಪ್ಯಾರ, ಏನಂತ ಬರಸ್ಲಿ?

ಉತ್ತರ: ಬರೀ ಆಯಾ ಅಂತ ಬರೆಸ್ಬೇಡ ತಂಗಿ, ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಇರ್ಲಿ. ಸೇರಿದ ತಾರೀಕು, ಬಿಡುವ ತಾರೀಕು. ನೀನು ನಿಜವಾಗಿ ಮಾಡಿದ ಕೆಲಸ ಒಂದೊಂದೂ ಬರ್ಲಿ, ಡ್ರಮ್ ಪ್ಯಾಕ್ ಮಾಡಿದ್ದು, ಓಟಿ ಕ್ಲೀನಿಂಗ್, ಬಿಪಿ ನೋಡಿ ಚಾರ್ಟ್‌ನಲ್ಲಿ ಬರೆದದ್ದು, ಕಸ ಹಳದಿ-ಕೆಂಪು ಚೀಲಕ್ಕೆ ಬೇರೆ ಮಾಡಿದ್ದು. ಲೆಟರ್‌ಹೆಡ್‌ನಲ್ಲಿ, ಸಹಿ, ಸೀಲ್, ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಎಲ್ಲ ಇರ್ಬೇಕು. ಎರಡು ಪ್ರತಿ ತಗೊ, ಒಂದನ್ನು ಯಾರಿಗೂ ಕೊಡ್ಬೇಡ.