ಪದವಿ ವಿದ್ಯಾರ್ಥಿಗಳ ವೃತ್ತಿ ಹೊಂದಾಣಿಕೆಯನ್ನು ಅಳೆದು ನೋಡಿದವರು ಇದ್ದೀರಾ? ಅನುಭವ ತಿಳಿಸಿ

ಕೇಳಿದವರು: ವಾಣಿಜ್ಯ ಉಪನ್ಯಾಸಕಿ, ಮಡಿಕೇರಿ

ಅಂತಿಮ ವರ್ಷದ ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳಿಗೆ ವೃತ್ತಿ ಮಾರ್ಗದರ್ಶನದ ತರಗತಿಗಳನ್ನು ನಡೆಸಲಿದ್ದೇವೆ. ಕೆಲಸದ ಲೋಕ ಹೇಗೆ ಬದಲಾದರೂ ಅದಕ್ಕೆ ಹೊಂದಿಕೊಳ್ಳುವ ಶಕ್ತಿ ಅವರಲ್ಲಿ ಬೆಳೆಯಿತೇ ಎಂದು ತಿಳಿಯಲು, ತರಗತಿಗಳ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅಮೆರಿಕದ ವೃತ್ತಿ ಮನಶ್ಶಾಸ್ತ್ರಜ್ಞ ಸವಿಕಾಸ್ ಅವರ ವೃತ್ತಿ ಹೊಂದಾಣಿಕೆಯ ಪ್ರಶ್ನಾವಳಿಯನ್ನು (Career Adapt-Abilities Scale) ಕೊಡುವ ಯೋಚನೆಯಿದೆ. ಇಂಗ್ಲಿಷಿನಲ್ಲೇ ಕೊಡಲೇ, ಕನ್ನಡಕ್ಕೆ ತರಲೇ? ಬಂದ ಅಂಕಗಳನ್ನು ಹೇಗೆ ಓದಬೇಕು?

ಮನಶ್ಶಾಸ್ತ್ರ ಬೋಧಕಿ, ಗೋಣಿಕೊಪ್ಪ

ಮೇಡಂ, ಆಯ್ಕೆ ಒಳ್ಳೆಯದೇ. ಮಾರ್ಕ್ ಸವಿಕಾಸ್ ಮತ್ತು ಎರಿಕ್ ಪೋರ್ಫೆಲಿ 2012ರಲ್ಲಿ ಪ್ರಕಟಿಸಿದ ಈ ಮಾಪನ 13 ದೇಶಗಳ ಸಂಶೋಧಕರು ಕೂಡಿ ಮಾಡಿದ ಕೆಲಸ. ಒಟ್ಟು 24 ವಾಕ್ಯಗಳು. ಮುಂದಿನ ದಿನಗಳ ಕಾಳಜಿ, ತನ್ನ ಬದುಕಿನ ಮೇಲಿನ ಹಿಡಿತ, ಕುತೂಹಲ, ಆತ್ಮವಿಶ್ವಾಸ, ಈ ನಾಲ್ಕಕ್ಕೂ ಆರಾರು. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಂದು ಮಾತನ್ನು ಮಾತ್ರ ಮರೆಯಬೇಡಿ. ವಿದ್ಯಾರ್ಥಿ ತನ್ನ ಶಕ್ತಿಯ ಬಗ್ಗೆ ಏನು ನಂಬಿದ್ದಾನೆ ಎಂಬುದನ್ನಷ್ಟೇ ಇದು ಹೇಳುತ್ತದೆ. ಅವನು ಏನೇನು ಮಾಡಿ ತೋರಿಸಿದ್ದಾನೆ ಎಂಬುದು ಇದರಲ್ಲಿ ಸಿಗುವುದಿಲ್ಲ.

ನಮ್ಮಲ್ಲಿ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಬೆಳೆದ ಹುಡುಗನೊಬ್ಬ ಆತ್ಮವಿಶ್ವಾಸದ ಆರೂ ವಾಕ್ಯಗಳಿಗೆ 2 ಹಾಕಿದ್ದ. ಕಾಫಿ ಕೊಯ್ದು ತನ್ನ ಶುಲ್ಕ ತಾನೇ ಕಟ್ಟಿದವನು, ಪಲ್ಪಿಂಗ್ ಯಂತ್ರ ಕೆಟ್ಟರೆ ಬಿಚ್ಚಿ ಸರಿಮಾಡುವವನು, ಪಿಕಪ್ ಓಡಿಸುವವನು. ಕರೆದು ಕೇಳಿದೆ. "ಅದೆಲ್ಲ ಕೆಲಸ ಮೇಡಂ, ಇಲ್ಲಿ ಕೇಳಿರುವುದು ಕೆರಿಯರ್ ಬಗ್ಗೆ ಅಲ್ಲವೇ?" ಎಂದ. ಅಂಕ ನೋಡಿ ಅವನನ್ನು "ದುರ್ಬಲ" ಎಂಬ ಪಟ್ಟಿಗೆ ಸೇರಿಸಿದ್ದರೆ ಎಷ್ಟು ದೊಡ್ಡ ಅನ್ಯಾಯವಾಗುತ್ತಿತ್ತು! ಪೋಷಕರಿಗಾಗಲಿ, ಕೆಲಸಕ್ಕೆ ಆರಿಸಲು ಬರುವ ಕಂಪನಿಗಾಗಲಿ ಈ ಅಂಕಗಳನ್ನು ದಯವಿಟ್ಟು ಕೊಡಬೇಡಿ.

ಹಿಡಿತದ ವಿಭಾಗದಲ್ಲಿ ತೀರ್ಮಾನವನ್ನು ಸ್ವಂತವಾಗಿ ತೆಗೆದುಕೊಳ್ಳುವ ಬಗ್ಗೆ ಒಂದು ವಾಕ್ಯವಿದೆ. ಅಲ್ಲಿ ಒಬ್ಬ ಹುಡುಗಿ ಪೆನ್ನು ಎತ್ತಿ ಹಿಡಿದು ಬಹಳ ಹೊತ್ತು ಕುಳಿತಿದ್ದಳು. "ತೀರ್ಮಾನ ನನ್ನದೇ, ಆದರೆ ಮನೆಯಲ್ಲಿ ಹೇಳದೆ ಮಾಡುವುದಿಲ್ಲ. ಎಷ್ಟು ಹಾಕಲಿ?" ತೋಟ, ಐನ್‌ಮನೆ (ಕುಲದ ಮೂಲಮನೆ), ಒಕ್ಕದ (ಕೊಡವ ಕುಲದ) ಹಿರಿಯರು ಎಂದು ಬೆಳೆದ ಮಕ್ಕಳಿಗೆ ಇದು ನಿಜವಾದ ಪ್ರಶ್ನೆ. ಹಿಡಿತದ ಅಂಕ ಕಡಿಮೆ ಬಂದಾಕ್ಷಣ ಅದು ಅವರ ಕೊರತೆ ಎಂದು ನಾನು ಒಪ್ಪುವುದಿಲ್ಲ.

ಅದಕ್ಕಾಗಿಯೇ ಹಾಳೆಯ ಕೊನೆಯಲ್ಲಿ ನಮ್ಮದೇ ಎರಡು ಪ್ರಶ್ನೆ ಸೇರಿಸಿದೆವು. ಕಳೆದ ಆರು ತಿಂಗಳಲ್ಲಿ ಹೊಸದಾಗಿ ಕಲಿತ ಕೆಲಸ ಯಾವುದು? ಅಂದುಕೊಂಡದ್ದು ಕೈತಪ್ಪಿದಾಗ ಏನು ಮಾಡಿದಿರಿ? ಎರಡನೆಯದಕ್ಕೆ ಕೆಲವರು 2018ರ ಆಗಸ್ಟಿನ ಭೂಕುಸಿತವನ್ನು ಬರೆದಿದ್ದರು. ಆಗ ಚಿಕ್ಕವರಾಗಿದ್ದವರು, ಮನೆ, ಶಾಲೆ ಎರಡೂ ಬದಲಾದವು. ಇದಕ್ಕೆ ಉತ್ತರಿಸಲೇಬೇಕೆಂಬ ಒತ್ತಾಯ ಬೇಡ, ಬಿಟ್ಟರೆ ಬಿಡಲಿ. ಆದರೆ ಈ ಉತ್ತರಗಳನ್ನು ಅಂಕಗಳ ಪಕ್ಕದಲ್ಲಿಟ್ಟು ಓದಿ. ಈ ಉತ್ತರಗಳನ್ನು ಮಾಪನದ 24 ವಾಕ್ಯಗಳ ಅಂಕಗಳೊಂದಿಗೆ ಕೂಡಿಸಬೇಡಿ.

ಭಾಷೆಯ ವಿಷಯ: ಕನ್ನಡಕ್ಕೆ ತನ್ನಿ, ಇಂಗ್ಲಿಷನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿ. ಒಬ್ಬರು ಅನುವಾದಿಸಲಿ; ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ; ಎರಡನ್ನೂ ಹೋಲಿಸಿ. ಬಳಿಕ ಐದಾರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತೆಂದು ಕೇಳಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವವರು ಒಂದೇ ಬೆಂಚಿನಲ್ಲಿರುತ್ತಾರೆ. ಗ್ರಾಂಥಿಕ ಕನ್ನಡ ಕೆಲಸಕ್ಕೆ ಬಾರದು. 1ರಿಂದ 5 ಎಂದರೆ ಆ ಶಕ್ತಿ ತನ್ನಲ್ಲಿ ಎಷ್ಟು ಬೆಳೆದಿದೆ ಎಂಬ ಅಂದಾಜು. ಮಕ್ಕಳು ಅದನ್ನು "ಒಪ್ಪುತ್ತೇನೆ, ಒಪ್ಪುವುದಿಲ್ಲ" ಎಂದೇ ಓದಿಕೊಳ್ಳುತ್ತಾರೆ. ಬಾಯಲ್ಲಿ ಒಂದು ಉದಾಹರಣೆ ಹೇಳಿಯೇ ಹಾಳೆ ಹಂಚಿ.

ವೃತ್ತಿ ಮಾರ್ಗದರ್ಶನ ಘಟಕ, ಕುಶಾಲನಗರ

ಆಂತರಿಕ ಅಂಕ ಕೊಡುವ ಉಪನ್ಯಾಸಕರೇ ಹಾಳೆ ಹಂಚಿದರೆ ಎಲ್ಲರೂ 5 ಹಾಕುತ್ತಾರೆ. ಬೇರೆ ವಿಭಾಗದವರನ್ನು ಕರೆಸಿ. ಹೆಸರು, ನೋಂದಣಿ ಸಂಖ್ಯೆ ಬೇಡ. ತಾಯಿಯ ಹೆಸರಿನ ಮೊದಲ ಅಕ್ಷರ, ಮೊಬೈಲಿನ ಕೊನೆಯ ಮೂರು ಅಂಕಿ, ಇಷ್ಟು ಬರೆಸಿದರೆ ಎರಡು ಸುತ್ತಿನ ಹಾಳೆಗಳನ್ನು ಜೋಡಿಸಬಹುದು.

ಸಂಖ್ಯಾಶಾಸ್ತ್ರ ಉಪನ್ಯಾಸಕ, ಸೋಮವಾರಪೇಟೆ

ಮೇಲಿನವರ ಮಾತು ಒಪ್ಪಿದೆ. ಲೆಕ್ಕದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. 120ಕ್ಕೆ ಇಷ್ಟು ಎಂಬ ಒಂದೇ ಮೊತ್ತವನ್ನು ಹೇಳಬೇಡಿ. ನಾಲ್ಕು ವಿಭಾಗಗಳ ಸರಾಸರಿಯನ್ನು ಬೇರೆ ಬೇರೆ ತೋರಿಸಿ, ಕ್ರೋನ್‌ಬಾಕ್ ಆಲ್ಫಾವನ್ನೂ (ಒಂದೇ ವಿಭಾಗದ ವಾಕ್ಯಗಳ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬ ಅಳತೆ) ಹಾಗೆಯೇ. ಮಕ್ಕಳು ಸುಸ್ತಾಗುತ್ತಾರೆ ಎನಿಸಿದರೆ 12 ವಾಕ್ಯಗಳ ಕಿರುರೂಪವೂ ಇದೆ, ಆದರೆ ಎರಡೂ ಸುತ್ತಿನಲ್ಲಿ ಅದನ್ನೇ ಕೊಡಬೇಕು. ಮೊದಲ ಸುತ್ತಿನಲ್ಲೇ ಹೆಚ್ಚಿನವರು 4, 5 ಹಾಕಿದ್ದರೆ ಮೇಲೇರಲು ಜಾಗವೇ ಇರುವುದಿಲ್ಲ. ಆಗ "ತರಗತಿಯಿಂದ ಪ್ರಯೋಜನವಾಗಲಿಲ್ಲ" ಎಂದು ಬರೆಯುವುದು ತಪ್ಪು.

ಎಲ್ಲಕ್ಕಿಂತ ಮುಖ್ಯವಾದದ್ದು, ತರಗತಿ ಸಿಗದ ಇನ್ನೊಂದು ಗುಂಪು ಬೇಕು. ಅಂತಿಮ ವರ್ಷದಲ್ಲಿ ಮಕ್ಕಳು ಹೇಗೂ ಭವಿಷ್ಯದ ಬಗ್ಗೆ ಯೋಚಿಸತೊಡಗುತ್ತಾರೆ, ಕಾಳಜಿಯ ಅಂಕ ತಾನಾಗಿಯೇ ಏರಬಹುದು. ಒಂದು ವಿಭಾಗಕ್ಕೆ ಈಗ, ಇನ್ನೊಂದಕ್ಕೆ ಮುಂದಿನ ಸೆಮಿಸ್ಟರಿನಲ್ಲಿ ತರಗತಿ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮೊದಲ ಸುತ್ತು ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯಲ್ಲಿ ಆದೀತೇ?

ಮನಶ್ಶಾಸ್ತ್ರ ಬೋಧಕಿ, ಗೋಣಿಕೊಪ್ಪ

ಸೆಪ್ಟೆಂಬರ್ ಸರಿ. ಮಳೆಯ ರಜೆಗಳು ಮುಗಿದಿರುತ್ತವೆ, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ. ಜನವರಿ ಬೇಡ. ನಮ್ಮ ಕಡೆ ಆಗ ರೋಬಸ್ಟಾ ಕಾಫಿಯ ಕೊಯ್ಲು. ತರಗತಿ ತಪ್ಪಿಸುವವರು ಕೂಲಿಗೆ ಹೋಗುವ ಮಕ್ಕಳು, ಇಲ್ಲವೇ ಆಳು ಸಿಗದೆ ತಮ್ಮ ತೋಟಕ್ಕೇ ಇಳಿದವರು. ಅವರಿಲ್ಲದೆ ತೆಗೆದ ಸರಾಸರಿ ನಿಮ್ಮ ಕಾಲೇಜಿನ ಸರಾಸರಿಯೇ ಅಲ್ಲ. ಕೊಯ್ಲು ಮುಗಿದು ಹಾಜರಿ ಸರಿಹೋದ ಮೇಲೆ, ಪರೀಕ್ಷೆಯ ವೇಳಾಪಟ್ಟಿ ಬರುವ ಮುಂಚೆ ಮಾಡಿ. ನನ್ನ ಹತ್ತಿರ ಕನ್ನಡದ ಕರಡು ಒಂದಿದೆ, ಕಳುಹಿಸುತ್ತೇನೆ. ನಿಮ್ಮ ಮಕ್ಕಳಿಂದ ಓದಿಸಿ, ಎಲ್ಲೆಲ್ಲಿ ತಡವರಿಸಿದರೆಂದು ಗುರುತು ಹಾಕಿ ಹಿಂದಿರುಗಿಸಿ. ಮಡಿಕೇರಿ ಕಡೆಯವರು ಹೇಗೆ ಓದುತ್ತಾರೆಂದು ನನಗೂ ತಿಳಿಯಬೇಕಿದೆ.