ಕೈನೀಸಿಯಾಲಜಿ ಓದಿದವರಿಗೆ ಮುಂದೇನು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಕೆನಡಾದ ಒಂಟಾರಿಯೋದಲ್ಲಿ ಕೈನೀಸಿಯಾಲಜಿ ಡಿಗ್ರಿಯ ಕೊನೇ ವರ್ಷದಲ್ಲಿದ್ದಾಳೆ. ದೇಹದ ಚಲನೆ, ವ್ಯಾಯಾಮ, ಗಾಯದ ನಂತರದ ಚೇತರಿಕೆ, ಇದೇ ಅವಳ ಓದು. ಊರಿಗೆ ಬಂದಾಗ ಮಂಡಿ ಆಪರೇಷನ್ ಆಗಿದ್ದ ಅಜ್ಜಿಗೆ ಮೆಟ್ಟಿಲು ಹತ್ತೋದು ಕಲಿಸಿದ್ದೇ ಅವಳು: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೆಲಸ ಚೆನ್ನಾಗಿ ಗೊತ್ತು, ದಾರಿಯದ್ದೇ ಗೊಂದಲ.

ಅಲ್ಲಿ ಪರೀಕ್ಷೆ ಬರೆದು, ಕಾಲೇಜ್ ಆಫ್ ಕೈನೀಸಿಯಾಲಜಿಸ್ಟ್ಸ್ ಆಫ್ ಒಂಟಾರಿಯೋದಲ್ಲಿ (ಇದು ಓದೋ ಕಾಲೇಜಲ್ಲ, ಈ ವೃತ್ತಿಯ ನಿಯಂತ್ರಣ ಸಂಸ್ಥೆ) ನೋಂದಾಯಿಸಿಕೊಂಡರೆ ರಿಜಿಸ್ಟರ್ಡ್ ಕೈನೀಸಿಯಾಲಜಿಸ್ಟ್ ಆಗಬಹುದು. ಫಿಸಿಯೋಥೆರಪಿಗೆ ಮತ್ತೆ ಮಾಸ್ಟರ್ಸ್ ಮಾಡಬೇಕು, ಸೀಟಿಗೆ ಪೈಪೋಟಿ ಜಾಸ್ತಿ. ಅಕ್ಕನಿಗೆ ಅದೇ ಬೇಕು. ಹುಡುಗಿಗೆ ಎರ್ಗೊನಾಮಿಕ್ಸ್ ಇಷ್ಟ, ಅಂದ್ರೆ ಫ್ಯಾಕ್ಟರಿ, ಆಫೀಸುಗಳಲ್ಲಿ ಬೆನ್ನು-ಭುಜ ನೋವು ಬಾರದಂತೆ ಕೆಲಸದ ಜಾಗ ಸರಿಪಡಿಸೋದು. ನಾನಂತೂ ಹುಡುಗಿ ಪರ!

ಆ ಕೆಲಸದಲ್ಲಿರುವವರು ಯಾರಾದ್ರೂ ಇದ್ದೀರಾ? ಶುರುವಿನ ಸಂಬಳ ಹೇಗಿದೆ? ಹಾರ್ಟ್ ಪೇಷೆಂಟ್‌ಗಳ ರಿಹ್ಯಾಬ್‌ನಲ್ಲಿ ಅವಕಾಶ ಇದೆಯಾ? ಮುಂದೆ ಬೆಂಗಳೂರಿಗೆ ಬಂದರೆ, ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಇಲ್ಲದೆ ಕ್ರೀಡಾ ಅಕಾಡೆಮಿಗಳಲ್ಲಿ ಸ್ಟ್ರೆಂತ್ ಕೋಚ್ ಕೆಲಸಕ್ಕೆ ತಗೋತಾರಾ? ಸುಮ್ನೆ 'ಎಂಬಿಎ ಮಾಡಿಸಿ' ಅನ್ಬೇಡಿ, ಅದನ್ನ ಮನೆಯಲ್ಲೇ ಸಾಕಷ್ಟು ಜನ ಹೇಳಿದ್ದಾರೆ.