ತೋಟದ ಕಾಲುದಾರಿಗೆ ಡರ್ಟ್ ಬೈಕ್ ನುಗ್ಗುತ್ತಿವೆ, ತಂತಿ ಕಟ್ಟಬಹುದಾ?

ಮಾವಿನತೋಪು: ನಮಸ್ಕಾರ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ದಾಟಿದ ಮೇಲೆ ನಮ್ಮದು ಮೂರೂವರೆ ಎಕರೆ ಇದೆ. ಹಿಂದುಗಡೆ ಬಂಡೆ ಗುಡ್ಡ. ಅದರ ಸುತ್ತ ಓಡಾಡಲು ನಾನೇ ಕಾಲುದಾರಿ ಮಾಡಿದ್ದೇನೆ. ಭಾನುವಾರ ಬೆಳಗಾದರೆ ಐದಾರು ಡರ್ಟ್ ಬೈಕ್ ನುಗ್ಗುತ್ತವೆ. ಎರಡಕ್ಕೆ ನಂಬರ್ ಪ್ಲೇಟೇ ಇಲ್ಲ. ಹೋದ ವಾರ ಅಮ್ಮ ಹುಲ್ಲು ಕುಯ್ಯುತ್ತಿದ್ದಾಗ ಒಂದು ಬೈಕ್ ಪಕ್ಕದಲ್ಲೇ ಹಾದುಹೋಯಿತು. ಇಳಿಜಾರಿನಲ್ಲಿ ಚಕ್ರ ಕೊರೆದ ಕಡೆ ಮಳೆ ನೀರು ಹರಿದು ಮೊಣಕಾಲುದ್ದ ಕೊರಕಲು ಬಿದ್ದಿದೆ. ಬೋರ್ಡ್ ಹಾಕಿದೆ, ಕಿತ್ತೆಸೆದರು. ಪಕ್ಕದ ತೋಟದವರು ಎರಡು ಮರದ ನಡುವೆ ಜಿಐ ತಂತಿ ಬಿಗಿಯಿರಿ ಅಂತಾರೆ.

ಹಾರೋಹಳ್ಳಿ_ರೈತ: ತಂತಿ ಬೇಡ ಸರ್, ದಯವಿಟ್ಟು ಬೇಡ. ವೇಗದಲ್ಲಿ ಬರುವವನಿಗೆ ತಂತಿ ಕಾಣುವುದಿಲ್ಲ, ನೇರ ಕುತ್ತಿಗೆಗೆ ಬೀಳುತ್ತದೆ. ರಾತ್ರಿ ನೀರು ತಿರುಗಿಸಲು ಬರುವ ನಿಮ್ಮ ಆಳೂ ಸಿಕ್ಕಿಕೊಳ್ಳಬಹುದು. ಯಾರದೋ ಜೀವ ಹೋದರೆ ಆರೋಪಿ ನೀವೇ. ಹಗ್ಗವೂ ಬೇಡ, ಮುಚ್ಚಿಟ್ಟ ಗುಂಡಿಯೂ ಬೇಡ. ತಡೆ ಏನಿದ್ದರೂ ದೂರದಿಂದಲೇ ಕಾಣಬೇಕು.

ನಾನು ಮಾಡಿದ್ದು ಹೇಳುತ್ತೇನೆ. ದಾರಿ ಶುರುವಾಗುವ ಕಡೆ, ಬೈಕ್ ನಿಧಾನ ಆಗುವ ಜಾಗದಲ್ಲಿ, ಎರಡು ಕಲ್ಲುಕಂಬ ನೆಟ್ಟೆ. ನಡುವೆ ಎರಡಡಿ. ಇಂಥ ಬೈಕಿನ ಹ್ಯಾಂಡಲ್ ಸುಮಾರು 80 ಸೆಂ.ಮೀ. ಅಗಲ ಇರುತ್ತದೆ, ಎರಡಡಿ ಅಂದರೆ 60. ಆದರೂ ಹ್ಯಾಂಡಲ್ ತಿರುಗಿಸಿ ನುಸುಳುತ್ತಾರೆ. ಅದಕ್ಕೇ ನಾಲ್ಕಡಿ ಹಿಂದೆ, ಸ್ವಲ್ಪ ಪಕ್ಕಕ್ಕೆ ಸರಿಸಿ, ಇನ್ನೊಂದು ಜೊತೆ ಬೇಕು. ಮನುಷ್ಯ ಸೊಟ್ಟಗೆ ತಿರುಗಿ ಹೋಗುತ್ತಾನೆ, ಬೈಕ್ ತಿರುಗುವುದಿಲ್ಲ. ಕಂಬ ನೆಲದ ಮೇಲೆ ನಾಲ್ಕೂವರೆ ಅಡಿ ಇರಲಿ. ಸುಣ್ಣ ಬಳಿದು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಅಕ್ಕಪಕ್ಕ ಖಾಲಿ ಬಿಟ್ಟರೆ ಸುತ್ತಿ ಬರುತ್ತಾರೆ. ಈಗ ದಪ್ಪ ಬಂಡೆ ಉರುಳಿಸಿ, ಮಳೆಗಾಲಕ್ಕೆ ಕತ್ತಾಳೆ ನೆಡಿ.

ಸರ್ವೆ_ಗೊತ್ತಿರೋನು: ಕಂಬ ನೆಡುವ ಮುಂಚೆ ಗ್ರಾಮ ನಕ್ಷೆ ನೋಡಿದ್ದೀರಾ? ನಕ್ಷೆಯಲ್ಲಿ ಬಂಡಿದಾರಿ ಇದ್ದರೆ ಅದನ್ನು ಮುಚ್ಚುವ ಹಾಗಿಲ್ಲ. ಅನುಮಾನ ಇದ್ದರೆ ಹದ್ದುಬಸ್ತು, ಅಂದರೆ ಸರ್ವೆಯವರಿಂದ ಜಮೀನಿನ ಗಡಿ ಅಳತೆ, ಮಾಡಿಸಿ. ಆಮೇಲೆ ಪಹಣಿ, ಫೋಟೋ, ತಾರೀಖು ಸಮೇತ ಠಾಣೆಗೆ ದೂರು ಕೊಡಿ. ಅಕ್ರಮ ಪ್ರವೇಶ ಈಗ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್‌ಗೆ ಬರುತ್ತದೆ. ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆನ್ನಟ್ಟಿ ಹೋಗಬೇಡಿ. ಜಗಳಕ್ಕೆ ಬಂದರೆ 112ಕ್ಕೆ ಫೋನ್ ಮಾಡಿ.

ಮಾವಿನತೋಪು: ಒಳ್ಳೆಯ ಸಮಯಕ್ಕೆ ಹೇಳಿದಿರಿ. ನಕ್ಷೆ ತೆಗೆಸಿದರೆ ಪೂರ್ವದ ಅಂಚಿನಲ್ಲಿ ಬಂಡಿದಾರಿ ಇದೆ! ಇಷ್ಟು ವರ್ಷ ಅದೂ ನಮ್ಮದೇ ಅಂದುಕೊಂಡಿದ್ದೆ. ಅದನ್ನು ಹಾಗೇ ಬಿಟ್ಟೆ. ನಮ್ಮ ಕಾಲುದಾರಿ ಕವಲೊಡೆಯುವ ಕಡೆ ಕಂಬ ಹಾಕಿಸಿದೆ. ಮೊದಲ ಭಾನುವಾರ ಬಂದು, ಕಂಬ ನೋಡಿ, ಸ್ವಲ್ಪ ಹೊತ್ತು ನಿಂತು ವಾಪಸ್ ಹೋದರು. ಎರಡನೇ ಭಾನುವಾರ ಬರಲಿಲ್ಲ. ಅಮ್ಮ ಮತ್ತೆ ಆ ಕಡೆ ಹುಲ್ಲಿಗೆ ಹೋಗುತ್ತಿದ್ದಾರೆ. ಕೊರಕಲಿಗೆ ಏನು ಮಾಡಲಿ? ಮಣ್ಣು ತುಂಬಿಸಲಾ?

ಹಾರೋಹಳ್ಳಿ_ರೈತ: ಸುಮ್ನೆ ಮಣ್ಣು ತುಂಬಿದರೆ ಮುಂದಿನ ಮಳೆಗೇ ಕೊಚ್ಚಿಹೋಗುತ್ತದೆ. ಮೊದಲು ನೀರನ್ನು ಪಕ್ಕಕ್ಕೆ ತಿರುಗಿಸಿ. ಹತ್ತು ಹದಿನೈದು ಅಡಿಗೊಂದು ಕಡೆ ದಾರಿಗೆ ಓರೆಯಾಗಿ ಕಲ್ಲು ಹೂತು ಸಣ್ಣ ಬದು ಮಾಡಿ. ನೀರು ಹುಲ್ಲಿನ ಕಡೆ ಇಳಿಯಲಿ. ಮಣ್ಣು ಆಮೇಲೆ ಹಾಕಿ.